ರೋಟರಿ ಟೂಲ್‌ನ ಸವೆತ ಮತ್ತು ದುರಸ್ತಿ

ರೋಟರಿ ಟೂಲ್ ಎಂಬುದು ಒಂದು ಕೈಯಲ್ಲಿ ಹಿಡಿದು ಬಳಸಬಹುದಾದ, ಅತಿವೇಗವಾಗಿ ತಿರುಗುವ ಸಣ್ಣ ವಿದ್ಯುತ್ ಉಪಕರಣ. ಮರ, ಲೋಹ, ಗಾಜು, ಪ್ಲಾಸ್ಟಿಕ್ ಮುಂತಾದವನ್ನು ಕೊರೆಯಲು, ಉಜ್ಜಲು, ಕತ್ತರಿಸಲು ಮತ್ತು ಅವುಗಳಿಗೆ ಹೊಳಪು ಕೊಡಲು ಇದು ಬಳಕೆಯಲ್ಲಿದೆ. ಇಂತಹ ಉಪಕರಣಗಳಲ್ಲಿ ಹೆಸರಾದ ಡ್ರೆಮೆಲ್ ಸಂಸ್ಥೆಯನ್ನು ಆಲ್ಬರ್ಟ್ ಡ್ರೆಮೆಲ್ ಅವರು 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ನಗರದಲ್ಲಿ ಸ್ಥಾಪಿಸಿದರು. 1993ರಲ್ಲಿ ಅದು ಬಾಷ್ ಸಂಸ್ಥೆಯ ಒಡೆತನಕ್ಕೆ ಬಂದಿತು. ಈ ಉಪಕರಣದಲ್ಲಿ ಬೇಗನೆ ಸವೆಯುವ ಭಾಗಗಳು ಬಹುಪಾಲು ಅಗ್ಗದವು ಮತ್ತು ಬದಲಾಯಿಸಬಹುದಾದವು. ಅವುಗಳ ಸವೆತವನ್ನು ಸಕಾಲದಲ್ಲಿ ಗುರುತಿಸದಿದ್ದರೆ ಹಾನಿಯು ದುಬಾರಿ ಭಾಗವಾದ ಆರ್ಮೇಚರ್‌ಗೆ ಹರಡುತ್ತದೆ.

ರಚನೆ

ತಂತಿಯ ಮೂಲಕ ವಿದ್ಯುತ್ ಪಡೆಯುವ ಮಾದರಿಗಳಲ್ಲಿ ಸಾಮಾನ್ಯವಾಗಿ ಯೂನಿವರ್ಸಲ್ ಮೋಟಾರ್ ಇರುತ್ತದೆ. ಇದರಲ್ಲಿ ತಿರುಗುವ ಆರ್ಮೇಚರ್‌ನ ತುದಿಯಲ್ಲಿ ತಾಮ್ರದ ಪಟ್ಟಿಗಳಿಂದಾದ ಕಮ್ಯುಟೇಟರ್ ಇದೆ. ಸ್ಪ್ರಿಂಗಿನ ಒತ್ತಡದಿಂದ ಅದಕ್ಕೆ ಒರಗಿರುವ ಎರಡು ಕಾರ್ಬನ್ ಬ್ರಷ್‌ಗಳು ಆರ್ಮೇಚರ್‌ಗೆ ವಿದ್ಯುತ್ತನ್ನು ಒದಗಿಸುತ್ತವೆ. ಹಲವು ಮಾದರಿಗಳಲ್ಲಿ ಮೋಟಾರಿನ ತಿರುಗುವಿಕೆಯು ಒಂದು ಸಣ್ಣ ಕಪ್ಲಿಂಗ್ ಮೂಲಕ ಮುಂದಿನ ಸ್ಪಿಂಡಲ್‌ಗೆ ತಲುಪುತ್ತದೆ. ಸ್ಪಿಂಡಲ್‌ನ ಬಾಯಲ್ಲಿರುವ ಸೀಳುಗಳುಳ್ಳ ಕಾಲೆಟ್, ನಟ್ಟನ್ನು ಬಿಗಿದಾಗ ಬಿಟ್‌ನ ದಂಡವನ್ನು ಹಿಡಿದುಕೊಳ್ಳುತ್ತದೆ. ವೇಗವು ನಿಮಿಷಕ್ಕೆ 30,000 ಸುತ್ತುಗಳನ್ನು ಮೀರುವ ಮಾದರಿಗಳೂ ಇರುವುದರಿಂದ, ಅಲ್ಪ ಪ್ರಮಾಣದ ಸವೆತವೂ ದೊಡ್ಡ ಕಂಪನವಾಗಿ ಕಾಣಿಸಿಕೊಳ್ಳುತ್ತದೆ.

ಸವೆತದ ಲಕ್ಷಣಗಳು

* ಉಪಕರಣವು ಆಗಾಗ ನಿಂತು ಹೊರಡುವುದು, ಶಕ್ತಿ ಕುಂದುವುದು, ಗಾಳಿಕಿಂಡಿಯಲ್ಲಿ ಹೆಚ್ಚು ಕಿಡಿ ಕಾಣುವುದು: ಕಾರ್ಬನ್ ಬ್ರಷ್ ಸವೆದಿರಬಹುದು.
* ಮೋಟಾರಿನ ಸದ್ದು ಕೇಳಿಸಿದರೂ ಬಿಟ್ ತಿರುಗದಿರುವುದು: ಕಪ್ಲಿಂಗ್ ತುಂಡಾಗಿರಬಹುದು.
* ಬಿಟ್ ಜಾರುವುದು ಅಥವಾ ಓಲಾಡುವುದು: ಕಾಲೆಟ್ ಸವೆದಿರಬಹುದು, ಇಲ್ಲವೇ ಬಿಟ್‌ನ ದಂಡಕ್ಕೆ ಹೊಂದದ ಅಳತೆಯದಾಗಿರಬಹುದು.
* ಕೀರಲು ಸದ್ದು, ಕಂಪನ, ಮೂತಿಯ ಭಾಗ ಬಿಸಿಯಾಗುವುದು: ಬೇರಿಂಗ್ ಸವೆದಿರಬಹುದು.
* ಕಮ್ಯುಟೇಟರ್‌ನ ಸುತ್ತಲೂ ಉಂಗುರದಂತೆ ಕಿಡಿ ಹಬ್ಬುವುದು, ಸುಟ್ಟ ವಾಸನೆ: ಆರ್ಮೇಚರ್‌ನ ಸುರುಳಿ ಕೆಟ್ಟಿರಬಹುದು.

ಪತ್ತೆಹಚ್ಚುವ ಕ್ರಮ

ಪರೀಕ್ಷೆಗೆ ಮೊದಲು ಪ್ಲಗ್ಗನ್ನು ಸಾಕೆಟ್‌ನಿಂದ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಸುಲಭವಾಗಿ ಕೈಗೆಟುಕುವ ಭಾಗಗಳಿಂದ ಆರಂಭಿಸಿ ಒಳಭಾಗಗಳಿಗೆ ಸಾಗುವುದು ಸೂಕ್ತ.

ಮೊದಲು ಕಾಲೆಟ್ಟನ್ನು ಹೊರತೆಗೆದು ಅದರ ಸೀಳುಗಳಲ್ಲಿ ಸಿಲುಕಿದ ಧೂಳನ್ನು ತೆಗೆದು, ನೇರವಾದ ಬಿಟ್ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು. ಬೇರೆ ಕಾಲೆಟ್ ಹಾಕಿದರೂ ಓಲಾಟ ಉಳಿದರೆ ಸ್ಪಿಂಡಲ್ಲನ್ನು ಪಕ್ಕಕ್ಕೆ ಅಲುಗಾಡಿಸಬೇಕು. ಆಗ ಸಡಿಲವಿದ್ದರೆ, ಅಥವಾ ತಿರುಗಿಸುವಾಗ ಮರಳು ಅರೆದಂತೆ ತೊಡಕಾದರೆ, ದೋಷವು ಬೇರಿಂಗ್‌ನಲ್ಲಿದೆ ಎಂದು ತಿಳಿಯಬಹುದು.

ಬಳಿಕ ಉಪಕರಣದ ಎರಡು ಬದಿಗಳಲ್ಲಿರುವ ಮುಚ್ಚಳಗಳನ್ನು ಬಿಚ್ಚಿ ಬ್ರಷ್‌ಗಳನ್ನು ಹೊರತೆಗೆಯಬೇಕು. ಕಾರ್ಬನ್‌ನ ಉದ್ದ ಸುಮಾರು 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಥವಾ ಅದರ ಮುಖ ಒರಟಾಗಿ ಕುಳಿಬಿದ್ದಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಸವೆದ ಬ್ರಷ್‌ನ ಸ್ಪ್ರಿಂಗ್ ತಾಮ್ರವನ್ನು ತಾಗಿದರೆ ಕಮ್ಯುಟೇಟರ್‌ನಲ್ಲಿ ಗೀರುಗಳು ಮೂಡುತ್ತವೆ. ಆಮೇಲೆ ಹಾಕಿದ ಹೊಸ ಬ್ರಷ್ ಕೂಡ ಬೇಗನೆ ಸವೆಯುತ್ತದೆ.

ಬ್ರಷ್ ಸರಿಯಿದ್ದೂ ಕಿಡಿ ಹೆಚ್ಚಾಗಿದ್ದರೆ ಮಲ್ಟಿಮೀಟರ್‌ನಿಂದ ಕಮ್ಯುಟೇಟರ್‌ನ ಅಕ್ಕಪಕ್ಕದ ಪಟ್ಟಿಗಳ ನಡುವಣ ರೋಧವನ್ನು ಅಳೆಯಬೇಕು. ಎಲ್ಲ ಜೋಡಿಗಳಲ್ಲೂ ಅಳತೆ ಹೆಚ್ಚುಕಡಿಮೆ ಸಮನಾಗಿರಬೇಕು. ಪಟ್ಟಿಗಳಿಗೂ ಉಕ್ಕಿನ ಅಕ್ಷಕ್ಕೂ ನಡುವೆ ಸಂಪರ್ಕವೇ ಇರಬಾರದು. ಇದ್ದರೆ ವಿದ್ಯುದಾಘಾತದ ಅಪಾಯವಿರುವುದರಿಂದ ಉಪಕರಣವನ್ನು ಬಳಸಕೂಡದು.

ದುರಸ್ತಿ

ಹಳೆಯ ಬ್ರಷ್ಷನ್ನೇ ಮರಳಿ ಹಾಕುವುದಾದರೆ ಅದು ಮೊದಲಿದ್ದ ಬದಿಯಲ್ಲೇ, ಮೊದಲಿದ್ದ ದಿಕ್ಕಿನಲ್ಲೇ ಇರಬೇಕು; ಏಕೆಂದರೆ ಅದರ ಮುಖವು ಕಮ್ಯುಟೇಟರ್‌ನ ಬಾಗಿಗೆ ಹೊಂದಿಕೊಂಡಿರುತ್ತದೆ. ಹೊಸ ಬ್ರಷ್ ಹಾಕಿದಾಗ ಉಪಕರಣವನ್ನು ಯಾವ ಕೆಲಸಕ್ಕೂ ಹಚ್ಚದೆ ಮಧ್ಯಮ ವೇಗದಲ್ಲಿ ಕೆಲವು ನಿಮಿಷ ಓಡಿಸಬೇಕು.

ಕಪ್ಪಾದ ಕಮ್ಯುಟೇಟರ್ ಅನ್ನು ನುಣುಪಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಪಟ್ಟಿಗಳ ಸಂದಿಯ ಧೂಳನ್ನು ತೆಗೆಯಬಹುದು. ಎಮರಿ ಬಟ್ಟೆಯನ್ನು ಬಳಸಬಾರದು. ಅದರ ಕಣಗಳು ಸಂದಿಯಲ್ಲಿ ಉಳಿದರೆ ಪಟ್ಟಿಗಳ ನಡುವೆ ವಿದ್ಯುತ್ ಹರಿಯಬಹುದು. ಬೇರಿಂಗ್‌ನ ಅಂಚಿನಲ್ಲಿ ಅಚ್ಚಾದ ಸಂಖ್ಯೆಯನ್ನು ನೋಡಿ, ಉಪಕರಣದ ವೇಗವನ್ನು ತಾಳಬಲ್ಲ ಅದೇ ಅಳತೆಯ ಬೇರಿಂಗ್ ತರಬೇಕು. ಕಪ್ಲಿಂಗ್ ಮತ್ತು ಕಾಲೆಟ್‌ಗಳನ್ನು ಸರಿಪಡಿಸುವುದಕ್ಕಿಂತ ಬದಲಾಯಿಸುವುದೇ ರೂಢಿ. ಆರ್ಮೇಚರ್ ಸುಟ್ಟಿದ್ದರೆ ಅದರ ಬೆಲೆಯನ್ನು ಹೊಸ ಉಪಕರಣದ ಬೆಲೆಯೊಂದಿಗೆ ಹೋಲಿಸಿ ನಿರ್ಧರಿಸಬೇಕಾಗುತ್ತದೆ.

ಸವೆತವನ್ನು ತಗ್ಗಿಸುವ ವಿಧಾನ

ಮೋಟಾರಿನ ಅಕ್ಷಕ್ಕೇ ಜೋಡಿಸಿದ ಫ್ಯಾನ್ ಅದನ್ನು ತಂಪುಗೊಳಿಸುತ್ತದೆ. ಬಲವಾಗಿ ಒತ್ತಿದಾಗ ವೇಗ ಕುಸಿದು ಗಾಳಿ ಕಡಿಮೆಯಾಗುತ್ತದೆ, ವಿದ್ಯುತ್ ಸೆಳೆತ ಮಾತ್ರ ಏರುತ್ತದೆ. ಆದ್ದರಿಂದ ಒತ್ತಡ ಹಾಕದೆ ಹಗುರವಾಗಿ ಹಲವು ಬಾರಿ ಹಾಯಿಸುವುದು ಉತ್ತಮ. ಉಪಕರಣ ತಿರುಗುತ್ತಿರುವಾಗ ಸ್ಪಿಂಡಲ್ ಲಾಕ್ ಗುಂಡಿಯನ್ನು ಒತ್ತಬಾರದು. ಬಿಟ್ ಇಲ್ಲದೆ ಕಾಲೆಟ್ ನಟ್ಟನ್ನು ಬಿಗಿಯಬಾರದು. ಗಾಳಿಕಿಂಡಿಗಳ ಧೂಳನ್ನು ಆಗಾಗ ಊದಿ ತೆಗೆಯಬೇಕು. ಊದುವಾಗಲೂ, ದುರಸ್ತಿಯ ನಂತರ ಮೊದಲ ಬಾರಿ ಚಾಲೂ ಮಾಡುವಾಗಲೂ ಕಣ್ಣಿಗೆ ರಕ್ಷಣಾ ಕನ್ನಡಕ ಅಗತ್ಯ.