ಮರಳನ್ನು ಜರಡಿ ಹಿಡಿಯುವ ಮೀನು

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ತಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ ಅನ್ನು ನನಗೆ ಹೆಮ್ಮೆಯಿಂದ ತೋರಿಸಿದರು. ಗಾಜಿನ ತೊಟ್ಟಿಯೊಳಗೆ ಬಂಡೆಗಳು, ಅವುಗಳ ಮೇಲೆ ಜೀವಂತ ಹವಳಗಳು. ತಳದ ಮರಳು ಆಗತಾನೆ ತೊಳೆದು ಹಾಸಿದಷ್ಟು ಬೆಳ್ಳಗಿದ್ದಿತು. “ಇದೆಲ್ಲ ಇವನ ಕೆಲಸ” ಎಂದು ಅವರು ತೋರಿಸಿದ ಕಡೆ, ಬಿಳಿಯ ಮೈಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳುಳ್ಳ ಮೀನೊಂದು ಬಾಯಿತುಂಬ ಮರಳನ್ನು ಮುಕ್ಕಿ, ಕಿವಿರುಗಳ ಮೂಲಕ ಅದನ್ನು ಸುರಿಸುತ್ತ ಸಾಗುತ್ತಿದ್ದಿತು. ಎರಡು ತಿಂಗಳ ಬಳಿಕ ಅದು ಸತ್ತಿತೆಂದು ತಿಳಿದುಬಂದಿತು. ನೀರು ಶುದ್ಧವಾಗಿದ್ದಿತು, ರೋಗದ ಗುರುತೇನೂ ಇರಲಿಲ್ಲ. ಆದರೆ ಹೊಟ್ಟೆ ಬೆನ್ನಿಗೆ ಅಂಟಿಹೋಗಿದ್ದಿತು. ಅಷ್ಟು ಬೆಳ್ಳನೆಯ ಮರಳಿನ ನಡುವೆ ಅದು ಹಸಿವಿನಿಂದ ಸತ್ತದ್ದೇಕೆ?

ಈ ಮೀನು ಗೋಬಿಗಳ ಕುಟುಂಬಕ್ಕೆ ಸೇರಿದುದು. ಇದರ ಶಾಸ್ತ್ರೀಯ ನಾಮ ವ್ಯಾಲೆನ್ಸಿಯೆನಿಯ ಪ್ಯುಯೆಲ್ಲಾರಿಸ್. 1956ರಲ್ಲಿ ಜಪಾನಿನ ತೋಮಿಯಾಮ ಎಂಬ ವಿಜ್ಞಾನಿ ಈ ಪ್ರಭೇದವನ್ನು ವರ್ಣಿಸಿದರು. ಹೆಸರಿನ ಮೊದಲ ಭಾಗವು ಕುವ್ಯೆಯೊಡನೆ ಮೀನುಗಳ ಬೃಹದ್ಗ್ರಂಥವನ್ನು ರಚಿಸಿದ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ವಾಲೆನ್ಸಿಯೆನ್ನರ ಸ್ಮಾರಕ. ಕೆಂಪುಸಮುದ್ರದಿಂದ ಸಮೋವಾ ದ್ವೀಪಗಳವರೆಗಿನ ಹವಳದ ದಿಬ್ಬಗಳ ಮರಳಿನಲ್ಲಿ ಇವು ಸಾಮಾನ್ಯವಾಗಿ ಗಂಡುಹೆಣ್ಣುಗಳು ಜೊತೆಯಾಗಿ, ಕಲ್ಲುಗಳ ಅಡಿಯಲ್ಲಿ ಬಿಲ ತೋಡಿಕೊಂಡು ವಾಸಿಸುತ್ತವೆ.

ಇದರ ಊಟದ ಕ್ರಮ ವಿಚಿತ್ರವಾದುದು. ಮರಳಿನೊಳಗೆ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಹುಳುಗಳೂ ಸೀಗಡಿಯ ದೂರದ ಬಂಧುಗಳಾದ ಕೋಪಿಪಾಡ್, ಆಂಫಿಪಾಡ್ ಮೊದಲಾದ ಜೀವಿಗಳೂ ಇರುತ್ತವೆ. ಮೀನಿನ ಕಿವಿರಿನ ಕಮಾನುಗಳ ಒಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ಕಡ್ಡಿಗಳಿವೆ. ಮರಳು ಹೊರಬೀಳುವಾಗ ಆಹಾರವು ಒಳಗೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಮೊರದಿಂದ ಅಕ್ಕಿಯನ್ನು ಕೇರುವಂತೆ, ಈ ಮೀನು ದಿನವೆಲ್ಲ ಮರಳನ್ನು ಕೇರುತ್ತದೆ. ಮರಳಿನ ಮೇಲೆ ಬೆಳೆಯುವ ಕಂದು ಪಾಚಿಯ ಪೊರೆ ಆಗಾಗ ತಿರುವಿ ಬೀಳುವುದರಿಂದ ನೆಲೆಗೊಳ್ಳಲಾರದು. ಆದುದರಿಂದಲೇ ಮರಳಿನ ಬಿಳುಪು. ನಾವು ಚೊಕ್ಕಟವೆಂದು ಮೆಚ್ಚುವುದು ಮೀನಿನ ಪಾಲಿಗೆ ಆಹಾರದ ಹುಡುಕಾಟ ಮಾತ್ರ.

ಈಗ ಸ್ವಲ್ಪ ಲೆಕ್ಕ ಹಾಕೋಣ. ತೊಟ್ಟಿಯ ತಳ 90 ಸೆಂಟಿಮೀಟರು ಉದ್ದ, 45 ಸೆಂಟಿಮೀಟರು ಅಗಲ. ಮರಳಿನ ಆಳ 4 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಮರಳಿನ ಗಾತ್ರ 16,200 ಘನ ಸೆಂಟಿಮೀಟರು. ಮೀನು ನಿಮಿಷಕ್ಕೆ ಎರಡು ಬಾರಿ, ಪ್ರತಿಸಲವೂ 1 ಘನ ಸೆಂಟಿಮೀಟರಿನಂತೆ, ದಿನಕ್ಕೆ 10 ಗಂಟೆಗಳ ಕಾಲ ಮುಕ್ಕುವುದೆಂದು ಭಾವಿಸಿದರೆ ದಿನಕ್ಕೆ 1,200 ಘನ ಸೆಂಟಿಮೀಟರು ಆಯಿತು. ಎಂದರೆ ಸುಮಾರು ಎರಡು ವಾರಗಳಲ್ಲಿ ತಳದ ಮರಳಷ್ಟೂ ಅದರ ಬಾಯಿಯೊಳಗೆ ಒಮ್ಮೆ ಹಾದುಬರುತ್ತದೆ! ಸಮುದ್ರದಲ್ಲಿ ಮೀನು ಮುಂದಿನ ಬಯಲಿಗೆ ಸಾಗಬಹುದು; ಗಾಜಿನ ಗೋಡೆಗಳ ನಡುವೆ ಅದೇ ಮರಳಿಗೇ ಮರಳಬೇಕು. ಅಲ್ಲಿನ ಜೀವಿಗಳ ಸಂತತಿ ಬೆಳೆಯಲು ಬಿಡುವೇ ದೊರೆಯುವುದಿಲ್ಲ.

ಆದುದರಿಂದ ಇದನ್ನು ಸಾಕಬಯಸುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ತೊಟ್ಟಿ ವಿಶಾಲವಾಗಿರಲಿ, ಹಲವು ತಿಂಗಳು ಹಳೆಯದಾಗಿ ಮರಳಿನಲ್ಲಿ ಜೀವಿಗಳು ತುಂಬಿಕೊಂಡಿರಲಿ. ಮರಳು ನುಣುಪಾಗಿರಬೇಕು, ಚೂಪಾದ ಹವಳದ ಚೂರುಗಳು ಬಾಯಿಗೂ ಕಿವಿರಿಗೂ ಗಾಯ ಮಾಡಬಹುದು. ಬಂಡೆಗಳನ್ನು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೆಯೇ ನಿಲ್ಲಿಸಿ, ಆಮೇಲೆ ಮರಳು ಸುರಿಯಬೇಕು; ಇಲ್ಲವಾದರೆ ಮೀನು ಅಡಿಯನ್ನು ತೋಡಿದಾಗ ಬಂಡೆ ಅದರ ಮೇಲೆಯೇ ಕುಸಿದೀತು. ಹವಳಗಳು ಎತ್ತರದಲ್ಲಿದ್ದರೆ ಸುರಿಯುವ ಮರಳಿನಡಿ ಹೂತುಹೋಗುವುದಿಲ್ಲ. ಬೆದರಿದಾಗ ಈ ಮೀನು ನೀರಿನಿಂದ ನೆಗೆಯುವುದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದುದು ಆಹಾರ. ಹಿಮಗಟ್ಟಿಸಿದ ಸಣ್ಣ ಸೀಗಡಿಯಂಥ ಜೀವಿಗಳನ್ನು ಕರಗಿಸಿ, ದಿನಕ್ಕೆ ಎರಡು ಮೂರು ಬಾರಿ, ಕೊಳವೆಯಿಂದ ತಳಕ್ಕೇ ತಲುಪಿಸಬೇಕು. ತೇಲುವ ಆಹಾರವನ್ನು ಇತರ ಮೀನುಗಳು ಮೊದಲೇ ಕಬಳಿಸುತ್ತವೆ. ತಿನ್ನದೆ ಉಳಿದುದು ಕೊಳೆತು ನೀರು ಕೆಡುವುದರಿಂದ ಕಾಲಕಾಲಕ್ಕೆ ನೀರನ್ನು ಬದಲಿಸಬೇಕು.

ನನ್ನ ಮಿತ್ರರು ಮತ್ತೊಂದು ಗೋಬಿಯನ್ನು ತಂದರು. ಈ ಬಾರಿ ಮೇಲಿನ ಕ್ರಮವನ್ನು ತಪ್ಪದೆ ಪಾಲಿಸಿದರು. ಅದು ದುಂಡಗಿನ ಹೊಟ್ಟೆಯೊಡನೆ ಇಂದಿಗೂ ಮರಳನ್ನು ಕೇರುತ್ತಿದೆ. ಅತಿಥಿಗಳು ಬಂದಾಗ ಅವರು ಈಗ ಮರಳಿನ ಬಿಳುಪನ್ನು ತೋರಿಸುವುದಿಲ್ಲ. ಮೀನಿನ ಹೊಟ್ಟೆಯನ್ನು ತೋರಿಸುತ್ತಾರೆ.