ಬೈಸಿಕಲ್ಲೂ ನೀರಿನ ಹಾದಿಯೂ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಸುಮಾರು 20 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವನಿಗೆ ನೆಲವೆಲ್ಲ ಸಮತಟ್ಟಾಗಿಯೇ ತೋರುವುದು. ಬೈಸಿಕಲ್ಲು ತುಳಿಯುವವನಿಗೆ ಹಾಗಲ್ಲ. ಕಣ್ಣಿಗೆ ಕಾಣದ ಏರು ಅವನ ಮೊಣಕಾಲಿಗೆ ತಿಳಿಯುತ್ತದೆ. (ಎದುರುಗಾಳಿಯಿದ್ದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು.)

ಹಾದಿಯಲ್ಲಿ ಹತ್ತಿ ಇಳಿಯುವ ದಿಣ್ಣೆಗಳಲ್ಲಿ ಒಂದು ಜಲವಿಭಾಜಕ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಬೇಕು. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯೊಡನೆ ಹೊಸಕೋಟೆಯ ಕೆರೆಯತ್ತ ಸಾಗಬೇಕು. ಎರಡು ನದಿಗಳೂ ಹುಟ್ಟುವುದು 1478 ಮೀಟರು ಎತ್ತರದ ನಂದಿಬೆಟ್ಟದ ಸೀಮೆಯಲ್ಲಿಯೇ.

ಕೆರೆಯ ಏರಿ ಬಂದೆಡೆ ಇಳಿದು ನೋಡಬೇಕು. ಕೋಡಿಯ ನೀರು ಯಾವ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆಂದು ಕೇಳಿದರೆ ಹಳ್ಳಿಯ ಹಿರಿಯರು ಬೆರಳು ಮಾಡಿ ತೋರಿಸಿಯಾರು. ಆ ಕಾಲುವೆಯ ಮೇಲೆ ನೀಲಗಿರಿ ತೋಪೋ ಬಡಾವಣೆಯೋ ಎದ್ದಿರುವುದೂ ಉಂಟು. ಅಂಥಲ್ಲಿ ಒಳ್ಳೆಯ ಮಳೆಯಾದರೂ ಕೆಳಗಿನ ಕೆರೆ ತುಂಬದು. ಅರ್ಕಾವತಿಗೆ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯವು ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಮೇಲಿನ ಹಳ್ಳಕೊಳ್ಳಗಳು ಬತ್ತಿದಂತೆ ಅದರ ಒಳಹರಿವೂ ಕುಗ್ಗಿತು.

ಹಿಂಗಾರು ಸುರಿದ ಮಾರನೆಯ ಬೆಳಿಗ್ಗೆ ಹೊರಟರೆ ಇದನ್ನೆಲ್ಲ ಕಣ್ಣಾರೆ ಕಾಣಬಹುದು. ರಸ್ತೆಬದಿಯ ಕೆಂಪು ನೀರು ದಿಣ್ಣೆಯ ಈಚೆಗೆ ಒಂದು ದಿಕ್ಕಿಗೂ ಆಚೆಗೆ ಇನ್ನೊಂದು ದಿಕ್ಕಿಗೂ ಹರಿಯುತ್ತಿರುತ್ತದೆ.