ರಾತ್ರಿ ಪಾಳಿಯ ತ್ರೀ ಫೇಸ್

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ತೂಬು ಎತ್ತಿದರೆ ನೀರು ತಾನಾಗಿಯೇ ಹರಿಯುತ್ತದೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ, ಹರಿದ್ರಾವತಿಯನ್ನು ತಡೆದು, ಇಳಿಜಾರು ನೋಡಿ ಸಿದ್ದನಾಲೆ, ಬಸವನಾಲೆ ತೋಡಿದವರಿಗೆ ಒಂದು ಯೂನಿಟ್ ಕರೆಂಟೂ ಬೇಕಿರಲಿಲ್ಲ. ಶಾಂತವ್ವ ಕಟ್ಟಿಸಿದಳೆಂದು ಜನ ನಂಬುವ ಅದೇ ಕೆರೆಯ ನೀರು ಈಗ ಪಂಪಿನ ಬಲದಿಂದ ಚಿತ್ರದುರ್ಗದವರೆಗೆ ಕುಡಿಯಲು ಹೋಗುತ್ತದೆ. ಜಗಳೂರಿನ ಕೆರೆಗಳಿಗಂತೂ ಹರಿಹರ ತಾಲ್ಲೂಕಿನ ದೀಟೂರಿನಿಂದ ತುಂಗಭದ್ರೆಯನ್ನು ಎತ್ತಿಯೇ ತರಬೇಕು. ಸಿರಿಗೆರೆಯ ತರಳಬಾಳು ಶ್ರೀಗಳು ಒತ್ತಾಸೆಯಾಗಿ ನಿಂತ 57 ಕೆರೆಗಳ ಯೋಜನೆ ನಡೆಯುವುದು ಮೋಟಾರಿನಿಂದ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಕಾಲುವೆ ಮುಟ್ಟದ ಕಡೆಯೆಲ್ಲ ಬೋರು. ಹೀಗೆ ಇಲ್ಲಿ ನೀರಿನ ಕೊರತೆ ಎಂಬುದು ಕರೆಂಟಿನ ಕೊರತೆಯೂ ಆಯಿತು.

ಆ ಕೊರತೆ ರೈತನ ರಾತ್ರಿಗೇ ಏಕೆ ಬಂತು?

1902ರಲ್ಲಿ ಶಿವನಸಮುದ್ರ, 1948ರಲ್ಲಿ ಜೋಗ, 1960ರ ದಶಕದಲ್ಲಿ ಲಿಂಗನಮಕ್ಕಿ: ನಮ್ಮ ವಿದ್ಯುತ್ತೆಲ್ಲ ನೀರಿನದೇ ಆಗಿತ್ತು. ರಾಯಚೂರಿನಲ್ಲಿ ಕಲ್ಲಿದ್ದಲು ಸುಡುವ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮಳೆ ಕೈಕೊಟ್ಟ ವರ್ಷವೇ ಬೋರು ಹೆಚ್ಚು ಹೊತ್ತು ಓಡಬೇಕು. ಅದೇ ವರ್ಷ ಜಲಾಶಯವೂ ಬರಿದು. ಹಗಲು ಕಾರ್ಖಾನೆಗೆ, ಸಂಜೆ ಮನೆಗಳಿಗೆ ಎಂದು ಹಂಚಿದ ಮೇಲೆ ಉಳಿಯುತ್ತಿದ್ದದ್ದು ನಡುರಾತ್ರಿ. ಪಂಪ್‌ಸೆಟ್ ಕಾಯಬಹುದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಮನೆಗೂ ಪಂಪಿಗೂ ಒಂದೇ ಲೈನ್ ಇದ್ದ ಕಾಲದಲ್ಲಿ ಪಡಿಪಾಟಲು ಇನ್ನೂ ಹೆಚ್ಚು. ತ್ರೀ ಫೇಸ್ ತೆಗೆದು ಸಿಂಗಲ್ ಫೇಸ್ ಕೊಟ್ಟರೆ ತೋಟದಲ್ಲಿ ಕಂಡೆನ್ಸರ್ ಹಾಕಿ ಮೋಟಾರು ಓಡಿಸುತ್ತಿದ್ದರು. ಮನೆಯ ಬಲ್ಬು ಮಂಕಾಗುತ್ತಿತ್ತು, ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು. ಗುಜರಾತಿನ ಜ್ಯೋತಿಗ್ರಾಮದ ಮಾದರಿಯಲ್ಲಿ ಬಂದ ನಿರಂತರ ಜ್ಯೋತಿ ಯೋಜನೆ ಫೀಡರ್‌ಗಳನ್ನೇ ಬೇರ್ಪಡಿಸಿತು. ಹಳ್ಳಿಯ ಮನೆಗಳಿಗೆ ದಿನವಿಡೀ ಕರೆಂಟ್ ಬಂತು. ಪಂಪ್‌ಸೆಟ್‌ಗೆ ಪಾಳಿ ಉಳಿಯಿತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ಲಿಲ್ಲ. ದರವೇ ಇಲ್ಲದಲ್ಲಿ ಬಳಕೆಗೆ ಮಿತಿ ಹಾಕಲು ಉಳಿದದ್ದು ಗಂಟೆಯೊಂದೇ. ರೈತ ಹಣದ ಬದಲು ನಿದ್ದೆಯಲ್ಲಿ ಬೆಲೆ ತೆತ್ತ ಎಂದೇ ನಾನು ತಿಳಿದಿದ್ದೇನೆ.

ಆ ಬೆಲೆ ಸಣ್ಣದಲ್ಲ. ಬ್ಯಾಟರಿ ಹಿಡಿದು ಬದುವಿನ ಮೇಲೆ ಹೋಗುವವನಿಗೆ ಹಾವಿನ ಭಯ. ಗುಡ್ಡದಂಚಿನ ಹಳ್ಳಿಗಳಲ್ಲಿ ಚಿರತೆ, ಕರಡಿಯ ಭಯ. ಅದಕ್ಕೇ ಆಟೊ ಸ್ಟಾರ್ಟರ್ ಬಂತು. ಕರೆಂಟ್ ಬಂದೊಡನೆ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿಯುತ್ತದೆ. ತೋಟ ನೆನೆದ ಮೇಲೂ ನೀರು ಸುರಿಯುತ್ತಲೇ ಇರುತ್ತದೆ. ಅಂತರ್ಜಲ ಬತ್ತಿದ್ದರಲ್ಲಿ ಈ ಪಾಳಿಯ ಪಾಲೂ ಇದೆ.

2023ರಲ್ಲಿ ಹಳೆಯ ಕಥೆಯೇ ಮರುಕಳಿಸಿತು. ಆಗಸ್ಟ್ ಒಣಗಿಹೋಯಿತು, 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಅಕ್ಟೋಬರಿನಲ್ಲಿ ಏಳು ಗಂಟೆಯ ತ್ರೀ ಫೇಸ್ ಐದಕ್ಕೆ ಇಳಿಯಿತು. ರೈತರು ಬೀದಿಗಿಳಿದರು. ಉತ್ತರ ಪ್ರದೇಶ, ಪಂಜಾಬಿನಿಂದ ಮುಂದೆ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ ತರಿಸಿ, ನವೆಂಬರಿನಲ್ಲಿ ಮತ್ತೆ ಏಳು ಗಂಟೆ ಕೊಡಲಾಯಿತು.

ಆದರೆ ಈಗ ಲೆಕ್ಕ ತಿರುಗಿದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ವಿದ್ಯುತ್ ಕೊಡುವುದು ಹಗಲಿನಲ್ಲೇ. ಜಗಳೂರಿನ ಬೆಟ್ಟಸಾಲಿನ ಗಾಳಿಯಂತ್ರಗಳಿಗೆ ಮುಂಗಾರೇ ಸುಗ್ಗಿ. ಕೊರತೆಯ ಹೊತ್ತು ಹಗಲಿನಿಂದ ಸಂಜೆಗೆ ಸರಿದಿದೆ. ಹಾಗಿದ್ದ ಮೇಲೆ ಪಂಪ್‌ಸೆಟ್‌ ರಾತ್ರಿ ಓಡಲು ಕಾರಣವೇ ಇಲ್ಲ. ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಘಟಕ ಹಾಕಿ ಅದರ ಫೀಡರ್‌ಗೆ ಹಗಲು ಕರೆಂಟ್ ಕೊಡುವ ಕುಸುಮ್-ಸಿ ಯೋಜನೆಯಲ್ಲಿ ನನಗೆ ಭರವಸೆ ಇರುವುದು ಇದರಿಂದಲೇ. ದೂರದ ತಂತಿಯಲ್ಲಿ ಸೋರುವುದೂ ತಪ್ಪುತ್ತದೆ.

ಸಂಜೆಯ ಪ್ರಶ್ನೆ ಉಳಿಯುತ್ತದೆ. ಅದಕ್ಕೆಂದು ತಲಕಳಲೆ, ಗೇರುಸೊಪ್ಪೆಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಿದ್ದಾರೆ. ಸಿಂಗಳೀಕದ ಕಾಡು ಕಳೆಯುತ್ತದೆಂದು ಕಣಿವೆಯ ಜನ ವಿರೋಧಿಸುತ್ತಿದ್ದಾರೆ. ಲಿಂಗನಮಕ್ಕಿಗೆ ಊರು ಬಿಟ್ಟುಕೊಟ್ಟವರ ಸೀಮೆ ಅದು. ಅವರಿಂದ ಮತ್ತೆ ತ್ಯಾಗ ಕೇಳುವ ಮೊದಲು, ಚನ್ನಗಿರಿ, ಜಗಳೂರಿನ ಪ್ರತಿ ಫೀಡರನ್ನೂ ಹಗಲಿಗೆ ತರುವ ಕೆಲಸ ಮುಗಿಯಲಿ.